ಕೂಗದೆ ಕೊಟ್ಟ ಟಿಕೆಟ್

ಒಂದು ಟಿಕೆಟ್ಟನ್ನೂ ಹರಿಯದೆ, ಒಂದು ಸಲವೂ ಸೀಟಿ ಊದದೆ ಆಕೆ ಬೀದಿಗೆಲ್ಲ ಕಂಡಕ್ಟರಮ್ಮ ಆಗಿದ್ದಳು. ಗಂಡ ಬಸ್ಸಿನಲ್ಲಿ ದುಡಿದಷ್ಟು ಕಾಲವೂ ಆ ಹೆಸರು ನಡೆಯಿತು, ಅವರು ನಿವೃತ್ತರಾಗಿ ಮನೆ ಸೇರಿದ ಮೇಲೂ ನಡೆಯಿತು. ಹೆಸರಿಗೆ ನಿವೃತ್ತಿ ಇಲ್ಲ. ಕಂಡಕ್ಟರ ಗಂಟಲಿಗೂ ಇರಲಿಲ್ಲ. ಅವರು ಹಜಾರದಲ್ಲಿ ಕೂತು "ಚಹಾ ಆಯ್ತಾ" ಎಂದರೆ ಮೂರನೇ ಮನೆಯವರು ಒಲೆ ಹಚ್ಚುತ್ತಾರೆ ಎಂದು ಸೊಸೆ ನಗುತ್ತಿದ್ದಳು.

ಮನೆಯನ್ನೂ ಅವರು ಬಸ್ಸಿನಂತೆಯೇ ನಡೆಸತೊಡಗಿದ್ದರು. ಅಡುಗೆಮನೆಗೆ ಬಂದು ಹೆಂಡತಿಯ ಬೆನ್ನ ಹಿಂದೆ ನಿಂತು "ಇನ್ನೊಂದು ಚಮಚ ಉಪ್ಪು ಹತ್ತಿಸು" ಎನ್ನುವರು. ಬಾಗಿಲಲ್ಲಿ ಚಪ್ಪಲಿ ಹುಡುಕುವ ಮಗನಿಗೆ "ಹತ್ತೋರು ಹತ್ತಿ, ಇಳಿಯೋರು ಇಳೀರಿ, ದಾರಿ ಬಿಡಿ" ಎನ್ನುವರು. ಬಚ್ಚಲ ಬಾಗಿಲು ತಟ್ಟಿ "ಎಷ್ಟೊತ್ತು ಒಳಗೆ? ಹಿಂದೆ ಜನ ನಿಂತಿದ್ದಾರೆ" ಎಂದು ಕೂಗುವರು. ಆ ಕೂಗಿಗೆ ಉಳಿದವರೆಲ್ಲ ನಗುತ್ತಿದ್ದರು. ಒಳಗಿರುತ್ತಿದ್ದ ಕಂಡಕ್ಟರಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಆಕೆಗೆ ಒಂದು ತೊಂದರೆಯಿತ್ತು. ಮೂತ್ರ ತಡೆಯುತ್ತಿರಲಿಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ, ನೀರಿನ ಬಕೆಟ್ಟು ಎತ್ತಿದರೆ ಬಟ್ಟೆ ಒದ್ದೆಯಾಗುತ್ತಿತ್ತು. ವರ್ಷದ ಮೇಲಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತನ್ನ ಮಂಚದ ಚಾದರವನ್ನು ತಾನೇ ಒಗೆದು, ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ, ಬೀದಿಗೂ ಮನೆಯವರಿಗೂ ಕಾಣದ ಕಡೆ ಒಣಹಾಕುವಳು. ಹೊರಗೆ ಹೋಗುವ ದಿನ ನೀರು ಮುಟ್ಟಳು, ಚಹಾವನ್ನು ಅರ್ಧ ಲೋಟಕ್ಕೇ ನಿಲ್ಲಿಸುವಳು. ಬಸ್ಸು ಹತ್ತುವುದನ್ನಂತೂ ಬಿಟ್ಟೇಬಿಟ್ಟಿದ್ದಳು.

ಬಸ್ಸು ಬಿಟ್ಟದ್ದೆಂದರೆ ಅಕ್ಕನನ್ನು ಬಿಟ್ಟ ಹಾಗೆ. ಅಕ್ಕ ನದಿಯಾಚೆಯ ಪಟ್ಟಣದಲ್ಲಿದ್ದಳು. ಎಪ್ಪತ್ತು ದಾಟಿದವಳು, ಕಣ್ಣಿನ ಆಪರೇಷನ್ ಆದ ಮೇಲೆ ಮನೆಯಲ್ಲೇ ಕೂತವಳು. ಅಲ್ಲಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಮೂರು ಗಂಟೆ ಎಲ್ಲೂ ನಿಲ್ಲುವುದಿಲ್ಲ. ಕಂಡಕ್ಟರಮ್ಮ ಒಂದು ಸಲ ಮಂಡಿನೋವು ಎಂದಳು, ಇನ್ನೊಂದು ಸಲ ಮೊಮ್ಮಗಳ ಪರೀಕ್ಷೆ ಎಂದಳು, ಮತ್ತೊಂದು ಸಲ ಸೊಸೆಗೆ ರಜೆ ಇಲ್ಲ ಎಂದಳು.

"ಕಂಡಕ್ಟರ ಹೆಂಡತಿಗೆ ಬಸ್ಸು ಸಿಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೇ?" ಎಂದು ಅಕ್ಕ ಫೋನಿನಲ್ಲಿ ನಗುತ್ತಿದ್ದಳು. ಇತ್ತೀಚೆಗೆ ನಗುವುದನ್ನು ಬಿಟ್ಟು ಬೇಗ ಫೋನು ಇಡುತ್ತಿದ್ದಳು. ಅದು ಕಂಡಕ್ಟರಮ್ಮನಿಗೆ ಅಂಗಾಲಿನ ಮುಳ್ಳಾಗಿತ್ತು. ಡಾಕ್ಟರಮ್ಮನಿಗೆ ತೋರಿಸಿಬಿಡೋಣ, ಬೀದಿಯ ಮೂಲೆಯಲ್ಲೇ ಕ್ಲಿನಿಕ್ ಇದೆಯಲ್ಲ ಎಂದು ಅಂತೂ ಇಂತೂ ಗಟ್ಟಿ ಮನಸ್ಸು ಮಾಡಿದ ವಾರವೇ ಸೊಸೆ ಊಟದ ಹೊತ್ತಿನಲ್ಲಿ ಆ ಮಾತು ತೆಗೆದಳು.

"ಮಾವ, ಕ್ಲಿನಿಕ್ಕಿಗೆ ಜನ ಬೇಕಂತೆ."

"ಯಾವ ಜನ? ಕಾಯಿಲೆ ಜನಾನಾ?" ಎಂದರು ಕಂಡಕ್ಟರು.

"ಅವರು ಬೇಕಾದಷ್ಟಿದ್ದಾರೆ. ಬಾಗಿಲಲ್ಲಿ ಕೂರ್ತಿದ್ದ ಹುಡುಗಿ ಬೇರೆ ಕೆಲಸ ಸಿಕ್ತು ಅಂತ ಹೊರಟುಹೋದ್ಲು. ಸಾಲು ನಿಲ್ಲಿಸೋರೇ ಇಲ್ಲ. ಹೆಡ್‌ಮಿಸ್ಸು ಬೀದಿಯವರನ್ನೇ ಸೇರಿಸ್ತಿದ್ದಾರೆ."

"ಸಂಬಳ?" ಎಂದ ಮಗ. ಅವನು ಲಿಫ್ಟ್ ರಿಪೇರಿಯವನು, ದಿನವೆಲ್ಲ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಸಂಬಳವಿಲ್ಲದ ಕೆಲಸ ಅರ್ಥವಾಗುತ್ತಿರಲಿಲ್ಲ.

"ಸಂಬಳ ಗಿಂಬಳ ಇಲ್ಲ. ವಾಲಂಟಿಯರ್."

"ಸಾಲು ನಿಲ್ಲಿಸೋದಾ?" ಕಂಡಕ್ಟರು ನೀರು ಕುಡಿದು ಲೋಟ ಕುಕ್ಕಿದರು. "ಅದರಲ್ಲಿ ಕಲಿಯೋದೇನಿದೆ? ಹುಟ್ಟಿದ್ದೇ ಅದಕ್ಕೆ."

ಸೊಸೆ ಅತ್ತೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬೆಳಗಿನ ಹೊತ್ತು ಮನೆ ತಣ್ಣಗಿರುತ್ತದೆ ಎಂಬುದು ಅವಳ ಲೆಕ್ಕ. ಕಂಡಕ್ಟರಮ್ಮನಿಗೆ ಬಾಯಿಗೆ ಬಿಸಿತುಪ್ಪ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆ ತಣ್ಣಗಾಗುವುದು ಆಕೆಗೂ ಬೇಕಿತ್ತು. ಆದರೆ ತಾನು ಹೋಗಬೇಕೆಂದಿದ್ದ ಒಂದೇ ಬಾಗಿಲಲ್ಲಿ ಇನ್ನು ಮೇಲೆ ಗಂಡನೇ ಕೂತಿರುತ್ತಾನೆ.

ಕ್ಲಿನಿಕ್ಕಿನಲ್ಲಿ ಸಂಬಳದವರು ಮೂರೇ ಜನ. ಡಾಕ್ಟರಮ್ಮ, ನರ್ಸು, ಮಾತ್ರೆ ಕೊಡುವವನು. ಉಳಿದದ್ದನ್ನೆಲ್ಲ ಬೀದಿ ಹೊತ್ತುಕೊಂಡಿತ್ತು. ಹೆಡ್‌ಮಿಸ್ಸು ಎಂದರೆ ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್ಸೇ, ಈಗಲೂ ಅವರು ಕಣ್ಣು ಬಿಟ್ಟರೆ ದೊಡ್ಡವರೂ ಕೈಕಟ್ಟಿ ನಿಲ್ಲುತ್ತಿದ್ದರು. ಒಬ್ಬ ಹಳೆಯ ಟ್ಯಾಕ್ಸಿಯವನು ನಡೆಯಲಾರದವರನ್ನು ಕರೆತಂದು ಬಿಡುತ್ತಿದ್ದ. ಇಬ್ಬರು ಹೆಂಗಸರು ಹಾಸಿಗೆ ಹಿಡಿದವರ ಮನೆಗೆ ಮಾತ್ರೆ ಮುಟ್ಟಿಸುತ್ತಿದ್ದರು. ತಾಯಂದಿರು ಒಳಗೆ ಹೋದಾಗ ಕೂಸು ಎತ್ತಿಕೊಂಡಿರಲೆಂದೇ ಒಬ್ಬ ಅಜ್ಜಿ ಬರುತ್ತಿದ್ದಳು, ಆಕೆಯ ಮಡಿಲು ಖಾಲಿ ಇದ್ದ ದಿನವೇ ಇಲ್ಲ.

ಕಂಡಕ್ಟರು ಸೇರಿದ ವಾರವೇ ಕ್ಲಿನಿಕ್ಕು ಬಸ್ ಸ್ಟಾಂಡಾಯಿತು. "ಶುಗರ್ ಇಳಿಯೋರು ಎಡಗಡೆ ಬನ್ನಿ. ಬೀಪಿ ಇಳಿಯೋರು ನರ್ಸಮ್ಮನ ಹತ್ತಿರ. ಹಲ್ಲುನೋವಿನವರು ತಪ್ಪು ಬಸ್ಸು ಹತ್ತಿದ್ದೀರಿ, ಎದುರು ರಸ್ತೆಗೆ ಹೋಗಿ." ಜನ ನೋವು ಮರೆತು ನಕ್ಕರು. ಸಾಲು ಸರಸರ ಸರಿಯಿತು. ಎಷ್ಟೋ ಕಾಲದ ಮೇಲೆ ಡಾಕ್ಟರಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡಿದರಂತೆ. ಆ ಸುದ್ದಿಯನ್ನು ಕಂಡಕ್ಟರು ಮನೆಗೆ ತಂದು ಎರಡು ದಿನ ಬಡಿಸಿದರು.

ಮೂರನೆಯ ದಿನ ಬೇರೆ ಸುದ್ದಿ ಬಂತು. ಎದುರುಮನೆಯಾಕೆ ಬೇಲಿಯ ಬಳಿ ನಿಂತು, "ನಿಮ್ಮ ಯಜಮಾನರು ಬಂಗಾರದಂಥೋರು ಕಣ್ರೀ. ನಿನ್ನೆ ಎಲ್ಲರ ಚಹಾ ಲೋಟನೂ ತೊಳೆದಿಟ್ರು, ನೆಲಾನೂ ಒರೆಸಿದ್ರು" ಎಂದಳು.

ಕಂಡಕ್ಟರಮ್ಮ ಒಳಗೆ ಬಂದಳು. ಆ ಹೊತ್ತಿಗೆ ಸರಿಯಾಗಿ ಹಜಾರದಿಂದ "ಈ ಲೋಟ ತಗೊಂಡು ಹೋಗೇ" ಎಂದು ಕೂಗು ಬಂತು. ಆಕೆ ಹೋಗಿ ಲೋಟವನ್ನು ನೋಡಿದಳು, ಗಂಡನನ್ನೂ ನೋಡಿದಳು.

"ಕ್ಲಿನಿಕ್ಕಿನಲ್ಲಿ ಲೋಟ ತೊಳೀತೀರಂತೆ."

"ಹೂಂ. ಯಾರಾದ್ರೂ ಮಾಡ್ಬೇಕಲ್ಲ."

"ನೆಲಾನೂ ಒರೆಸ್ತೀರಂತೆ."

"ಸೇವೆ ಅಂದ್ಮೇಲೆ ಇದು ಅದು ಅಂತ ನೋಡೋಕಾಗುತ್ತಾ?"

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ನೆ ಅಂದಿಲ್ಲ ಹಿರಿಯರು. ನಾನು ಮದುವೆಯಾಗಿ ಬಂದಾಗಿಂದ ಈ ಮನೇಲಿ ಒಂದು ಲೋಟ ಎತ್ತಿಟ್ಟಿದ್ದೀರಾ ನೀವು?"

ಸೊಸೆ ಆಗತಾನೆ ಕೆಲಸದಿಂದ ಬಂದು ಚೀಲ ಇಳಿಸುತ್ತಿದ್ದವಳು, ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ದಿನವೆಲ್ಲ ಚೌಕಾಸಿ ಮಾಡಿ ಪಳಗಿದವಳು. ಅವಳು ಅಲ್ಲೇ ತೀರ್ಪು ಕೊಟ್ಟಳು.

"ಮಾವ, ನಮ್ಮ ಮನೆಗೂ ವಾಲಂಟಿಯರ್ ಬೇಕು. ಅಲ್ಲಿಗೆ ರಜೆ ಇರೋ ದಿನ ಇಲ್ಲಿಗೆ ಹಾಜರಿ ಹಾಕಿ. ಬಟ್ಟೆ, ಪಾತ್ರೆ ನಿಮ್ಮದು."

"ಬಟ್ಟೆ ಬೇಡ" ಎಂದಳು ಕಂಡಕ್ಟರಮ್ಮ ಥಟ್ಟನೆ. "ಪಾತ್ರೆ ಸಾಕು. ನನ್ನ ಬಟ್ಟೆ ಯಾರೂ ಮುಟ್ಟೋದು ಬೇಡ."

ಸೊಸೆ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಕಂಡಕ್ಟರು ಗೊಣಗುತ್ತಲೇ ಎದ್ದು ಲೋಟ ತೊಳೆದರು. ಎರಡು ಲೋಟ ಒಡೆದವು, ಮೂರನೆಯದು ಉಳಿಯಿತು.

ಬೇಕರಿಯವನ ವಿಷಯ ನಡೆದದ್ದು ಅದಾದ ಮೇಲೆ. ಬೀದಿಗೆಲ್ಲ ಬ್ರೆಡ್ಡು ಬನ್ನು ಅವನದೇ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಆ ದಿನ ಸೆಕೆಯಲ್ಲೂ ತೋಳು ಮುಚ್ಚುವ ಅಂಗಿ ತೊಟ್ಟು ಬಂದು ಕ್ಲಿನಿಕ್ಕಿನ ಕೊನೆಯ ಬೆಂಚಿನ ಮೂಲೆಯಲ್ಲಿ ತೋಳು ಕೆರೆದುಕೊಳ್ಳುತ್ತ ಕೂತಿದ್ದ. ಪಾಪ, ಒಲೆ ಬಿಟ್ಟು ಬಂದಿದ್ದಾನೆ, ಬೇಗ ಕಳಿಸೋಣ ಎಂದು ಕಂಡಕ್ಟರಿಗೆ ಕನಿಕರ ಬಂತು. ಕನಿಕರ ಬಂದದ್ದು ಒಳ್ಳೆಯದೇ, ಆದರೆ ಅದೂ ಗಂಟಲಿನಿಂದಲೇ ಬರಬೇಕೆ?

"ಚರ್ಮದ್ದು ಯಾರಪ್ಪಾ, ಚರ್ಮದ್ದು? ಓ, ನಮ್ಮ ಬೇಕರಿಯವರೇ. ತೋರಿಸು ಕೈ. ಅಯ್ಯೋ, ಮೊಣಕೈ ತನಕ ಬಂದಿದೆಯಲ್ಲೋ. ದಾರಿ ಬಿಡಿ, ದಾರಿ ಬಿಡಿ, ಇವರು ಮುಂದೆ ಹೋಗ್ಲಿ."

ಹಜಾರದಲ್ಲಿ ಕೂತವರೆಲ್ಲ ಅವನ ಗಿರಾಕಿಗಳು. ಅವನು ಮುಂದೆ ಹೋಗಲಿಲ್ಲ. ತೋಳು ಕೆಳಗೆಳೆದುಕೊಂಡು ಮೆಟ್ಟಿಲಿಳಿದು ಹೊರಟುಹೋದ.

"ಅಂಗಡೀಲಿ ಮೊಳೆ ತಗೊಳ್ಳೋಕೆ ಬಂದವರ ಬಾಯಲ್ಲೂ ಅದೇ" ಎಂದಳು ಸೊಸೆ ಮಾರನೆಯ ದಿನ ಊಟಕ್ಕೆ ಕೂತಾಗ. "ಅವನ ಬ್ರೆಡ್ಡು ಮುಟ್ಟಬೇಡಿ, ಕೈಗೆ ಅಂಟುರೋಗ ಅಂತ. ಬೇಕರೀಲಿ ಒಂದು ನೊಣಾನೂ ಇರಲಿಲ್ಲ. ಅವನು ಕ್ಲಿನಿಕ್ಕಿನ ಕಡೆ ತಲೆ ಹಾಕಿಲ್ಲವಂತೆ ಮತ್ತೆ."

ಕಂಡಕ್ಟರು ಅನ್ನ ಕಲೆಸುತ್ತಲೇ ಇದ್ದರು. ಹೆಡ್‌ಮಿಸ್ಸು ಅವರಿಗೆ ಆಗಲೇ ಶಿಕ್ಷೆ ಕೊಟ್ಟಾಗಿತ್ತು. ನಾಳೆಯಿಂದ ಗಿಡಕ್ಕೆ ನೀರು ಹಾಕಿ, ಸಾಲಿನ ಹತ್ತಿರ ಬರಬೇಡಿ ಎಂದಿದ್ದರು.

"ನಾನೇನು ಬೈದ್ನಾ?" ಎಂದರು. "ಮುಂದೆ ಕಳಿಸೋಣ ಅಂತ ಹೇಳಿದ್ದು."

"ನೀವು ಅವನನ್ನ ಮುಂದೆ ಕಳಿಸಿದ್ರಿ, ಅವನ ಗಿರಾಕಿಗಳನ್ನ ಹಿಂದೆ ಕಳಿಸಿದ್ರಿ" ಎಂದ ಮಗ.

"ನೀನು ಸುಮ್ನಿರೋ. ಕಾಯಿಲೆ ಮುಚ್ಚಿಡೋದೇ ತಪ್ಪು. ಮುಚ್ಚಿಟ್ರೆ ಜಾಸ್ತಿಯಾಗುತ್ತೆ."

ಕಂಡಕ್ಟರಮ್ಮ ಸೌಟು ಕೆಳಗಿಟ್ಟಳು. "ಜಾಸ್ತಿಯಾಗುತ್ತೆ, ನಿಜ. ಆದ್ರೂ ಮುಚ್ಚಿಡ್ತಾರೆ. ಯಾಕೆ ಗೊತ್ತಾ? ಬಾಗಿಲಲ್ಲಿ ನಿಮ್ಮಂಥೋರು ಕೂತಿರ್ತಾರೆ."

"ಏನೇ ಹಾಗಂದ್ರೆ?"

"ನೀವು ಅಲ್ಲಿರೋ ತನಕ ನಾನಂತೂ ಆ ಮೆಟ್ಟಿಲು ಹತ್ತಲ್ಲ."

"ನಿನಗೇನಾಗಿದೆ?"

"ಅದನ್ನೇ ಹೇಳಲ್ಲ ಅಂತಿರೋದು."

"ಅಜ್ಜಿಗೆ ಹುಷಾರಿಲ್ವಾ?" ಎಂದಳು ಮೊಮ್ಮಗಳು. "ಅಜ್ಜಿ ಚೆನ್ನಾಗಿದ್ದಾಳೆ, ನೀನು ಕ್ಯಾರೆಟ್ಟು ತಿನ್ನು" ಎಂದು ಕಂಡಕ್ಟರಮ್ಮ ಎದ್ದು ಒಳಗೆ ಹೋದಳು. ಆಕೆಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಸೊಸೆ ಪಾತ್ರೆಗಳನ್ನು ಹೊತ್ತು ಹಿಂದೆಯೇ ಬಂದಳು. ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೇಳಿದಳು: "ಅತ್ತೆ, ಟ್ಯಾಂಕಿನ ಹಿಂದೆ ಚಾದರ ಒಣಹಾಕ್ತೀರಲ್ಲ, ನಾನು ನೋಡಿದ್ದೀನಿ."

ಕಂಡಕ್ಟರಮ್ಮ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ನನಗೂ ಆಗಿತ್ತು. ಇವಳು ಹುಟ್ಟಿದ ಮೇಲೆ. ಸೀನಿದ್ರೆ ಸಾಕು, ಸೀರೆ ಬದಲಾಯಿಸ್ಬೇಕಿತ್ತು."

"ನಿನಗಾ?"

"ಹೂಂ. ಡಾಕ್ಟರಮ್ಮ ಒಂದು ವ್ಯಾಯಾಮ ಹೇಳಿಕೊಟ್ರು. ಮೂರು ತಿಂಗಳಿಗೆ ಸರಿಹೋಯ್ತು. ವಯಸ್ಸಾದವರಿಗೂ ಆಗುತ್ತಂತೆ, ವಾಸಿನೂ ಆಗುತ್ತಂತೆ."

"ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇನೇ?"

"ನೀವು ಹೇಳಿದ್ರಾ? ಒಂದೇ ಮನೇಲಿದ್ದು ಇಬ್ರೂ ಕದ್ದು ಕದ್ದು ಬಟ್ಟೆ ಒಗೆದಿದ್ದೀವಿ ನೋಡಿ."

ಇಬ್ಬರೂ ನಕ್ಕರು. ನಕ್ಕ ತಕ್ಷಣ ಕಂಡಕ್ಟರಮ್ಮ ಸೆರಗು ಬಿಗಿಹಿಡಿದು ಬಚ್ಚಲಿಗೆ ಓಡಿದಳು, ಅದನ್ನು ಕಂಡು ಸೊಸೆ ಇನ್ನಷ್ಟು ನಕ್ಕಳು. ಒಬ್ಬರಿಗೆ ಗೊತ್ತಾದದ್ದಕ್ಕೇ ಆಕೆಯ ಅರ್ಧ ಭಾರ ಇಳಿದಿತ್ತು. ಉಳಿದರ್ಧ ಹಜಾರದಲ್ಲಿ ಕೂತಿತ್ತು.

ಹಜಾರದಲ್ಲಿ ಕೂತವರು ಗಿಡಕ್ಕೆ ನೀರು ಹಾಕಲು ಹೋಗಲಿಲ್ಲ. ಬಸ್ಸಿಗೇ ನೀರು ಹಾಕದ ನಾನು ಗಿಡಕ್ಕೆ ಹಾಕುತ್ತೇನೆಯೇ ಎಂದು ಮನೆಯಲ್ಲೇ ಉಳಿದರು. ಮನೆಯಲ್ಲೂ ಕೂಗಲಿಲ್ಲ. ಚಹಾ ಕೇಳಲಿಲ್ಲ, ಉಪ್ಪಿನ ಸುದ್ದಿ ಎತ್ತಲಿಲ್ಲ. ಅವರು ಕೂಗಿದರೆ ಎಲ್ಲರಿಗೂ ತಲೆನೋವು, ಕೂಗದಿದ್ದರೆ ಎಲ್ಲರಿಗೂ ದಿಗಿಲು. "ಅಪ್ಪಂಗೆ ಏನಾದ್ರೂ ಹೇಳಮ್ಮ" ಎಂದು ಮಗನೇ ಬಂದು ಕೇಳಿದ.

ಕಂಡಕ್ಟರಮ್ಮ ಹಿತ್ತಲ ಮೆಟ್ಟಿಲ ಮೇಲೆ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಕಂಡಕ್ಟರು ಬಂದು ಪಕ್ಕದಲ್ಲಿ ಕೂತು, ಕೇಳದೆಯೇ ಒಂದು ಚಾಕು ತೆಗೆದುಕೊಂಡರು. ಅವರು ಸುಲಿದ ಆಲೂಗಡ್ಡೆ ಅರ್ಧಕ್ಕರ್ಧ ಸಿಪ್ಪೆಯಲ್ಲೇ ಹೋಯಿತು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದರು ಕಂಡಕ್ಟರು. "ಆದ್ರೆ ನನಗೆ ಬೇರೆ ರೀತಿ ಬರಲ್ಲ ಕಣೇ. ಕೂಗಿ ಕೂಗಿನೇ ಬದುಕಿದೋನು ನಾನು."

"ಕೂಗಿದ್ದಷ್ಟೇನಾ? ಟಿಕೆಟ್ಟೂ ಕೊಟ್ಟಿದ್ದೀರಲ್ಲ."

"ಕೊಟ್ಟಿದ್ದೀನಿ."

"ಕೊಡುವಾಗ ಏನು ಕೇಳ್ತಿದ್ರಿ?"

"ಎಲ್ಲಿಗೆ ಅಂತ."

"ಯಾಕೆ ಹೋಗ್ತೀರಿ ಅಂತ?"

"ಛೆ, ಅದು ನಾವು ಕೇಳೋ ಹಾಗಿಲ್ಲ. ಕೋರ್ಟಿಗೆ ಹೋಗ್ತಾನೋ, ಹೆಣ್ಣು ನೋಡೋಕೆ ಹೋಗ್ತಾನೋ, ಮನೆ ಬಿಟ್ಟು ಓಡಿಹೋಗ್ತಾನೋ ನಮಗ್ಯಾಕೆ? ಸ್ಟಾಪು ಗೊತ್ತಾದ್ರೆ ಸಾಕು."

ಅಷ್ಟು ಹೇಳುವಷ್ಟರಲ್ಲಿ ಅವರ ಕೈಯ ಚಾಕು ನಿಂತಿತು. ಕಂಡಕ್ಟರಮ್ಮ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು.

ಆ ಸಂಜೆ ಅಜ್ಜ ಮೊಮ್ಮಗಳು ನೆಲದ ಮೇಲೆ ಬಣ್ಣದ ರಟ್ಟು ಹರಡಿಕೊಂಡು ಕತ್ತರಿ ಹಿಡಿದು ಕೂತರು. ಕೆಂಪು ಟಿಕೆಟ್ಟು ಡಾಕ್ಟರಮ್ಮನ ಕೋಣೆಗೆ, ಹಳದಿ ನರ್ಸಮ್ಮನಿಗೆ, ನೀಲಿ ಮಾತ್ರೆಯ ಕಿಟಕಿಗೆ. ಪ್ರತಿಯೊಂದರ ಮೇಲೂ ನಂಬರು, ಬೇರೇನೂ ಇಲ್ಲ. ಬಾಗಿಲಲ್ಲಿ ಎಲ್ಲಿಗೆ ಎಂದು ಕೇಳುವುದು, ಟಿಕೆಟ್ಟು ಕೊಡುವುದು, ಆಮೇಲೆ ಬರೀ ನಂಬರು ಕರೆಯುವುದು. ಮರುದಿನ ಕಂಡಕ್ಟರು ಅದನ್ನು ಹೆಡ್‌ಮಿಸ್ಸಿನ ಮುಂದೆ ಇಟ್ಟು ಶಾಲೆಯ ಹುಡುಗನಂತೆ ನಿಂತರಂತೆ. ಹೆಡ್‌ಮಿಸ್ಸು ಒಂದೊಂದನ್ನೂ ತಿರುಗಿಸಿ ನೋಡಿ, "ಒಂದು ವಾರ ನೋಡ್ತೀನಿ. ಗಂಟಲು ಮನೇಲಿ ಬಿಟ್ಟು ಬನ್ನಿ" ಎಂದರಂತೆ.

ಬೇಕರಿಯವನಿಗೆ ಮಾತ್ರ ಟಿಕೆಟ್ಟು ಸಾಲುವಂತಿರಲಿಲ್ಲ. ಕಂಡಕ್ಟರು ದಿನಾ ಬೆಳಿಗ್ಗೆ, ಜನ ಓಡಾಡುವ ಹೊತ್ತಿಗೇ ಬೇಕರಿಯ ಮುಂದೆ ನಿಂತು, ಅವನ ಕೈಯಿಂದಲೇ ಬನ್ನು ತೆಗೆದುಕೊಂಡು, ಅಲ್ಲೇ ಬೀದಿಗೆ ಮುಖ ಮಾಡಿ ನಿಧಾನವಾಗಿ ತಿನ್ನತೊಡಗಿದರು. ಯಾರಿಗೂ ಏನೂ ಹೇಳಲಿಲ್ಲ. ಬರುವಾಗ ಎರಡೆರಡು ಬ್ರೆಡ್ಡು ತಂದರು. ಮನೆಯಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡಿನ ಪಲ್ಯ, ರಾತ್ರಿ ಮೊಟ್ಟೆಯಲ್ಲಿ ಅದ್ದಿದ ಬ್ರೆಡ್ಡು.

"ಇನ್ನೂ ಎಷ್ಟು ದಿನ ಅಮ್ಮ?" ಎಂದ ಮಗ ತಟ್ಟೆ ನೋಡಿ.

"ನಿಮ್ಮಪ್ಪ ಮಾಡಿದ್ದು ನಿಮ್ಮಪ್ಪ ಒಬ್ಬರೇ ತಿಂದ್ರೆ ಮುಗಿಯಲ್ಲ. ತಿನ್ನು."

ವಾರ ಕಳೆಯುವಷ್ಟರಲ್ಲಿ ಟ್ಯಾಕ್ಸಿಯವನೂ ಬಂದು ಪಕ್ಕದಲ್ಲಿ ನಿಂತು ತಿಂದ. ಆಮೇಲೆ ಕೂಸು ಎತ್ತುವ ಅಜ್ಜಿ ಬಂದಳು, ಅವಳ ಹಿಂದೆ ಇನ್ನಾರೋ ಬಂದರು. ಕ್ಲಿನಿಕ್ಕಿನ ವಾಲಂಟಿಯರುಗಳೆಲ್ಲ ಅಲ್ಲೇ ನಿಂತು ಚಹಾ ಕುಡಿಯುವುದು ರೂಢಿಯಾಯಿತು. ಒಂದು ದಿನ ಬೇಕರಿಯವನೇ ಬಾಯಿಬಿಟ್ಟು, "ಅಂಟುರೋಗ ಅಲ್ಲ ಕಂಡಕ್ಟ್ರೇ, ಹಿಟ್ಟು ನನ್ನ ಕೈಗೆ ಆಗ್ತಿಲ್ಲವಂತೆ. ಮುಲಾಮು ಕೊಟ್ಟಿದ್ದಾರೆ, ಕೈಗವಸು ಹಾಕ್ಕೋ ಅಂದಿದ್ದಾರೆ" ಎಂದ. ಅವನು ಯಾವಾಗ ಕ್ಲಿನಿಕ್ಕಿಗೆ ಹೋಗಿದ್ದ ಎಂದು ಎದುರುಮನೆಯಾಕೆಗೂ ಗೊತ್ತಾಗಿರಲಿಲ್ಲ. ಅದನ್ನು ಕೇಳಿದ ದಿನ ಕಂಡಕ್ಟರಮ್ಮ ಒಳ್ಳೆಯ ಸೀರೆ ಉಟ್ಟು ಹೊರಟಳು.

ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಗಂಡ. ಅವರು ತಲೆಯೆತ್ತಿ ಹೆಂಡತಿಯನ್ನು ಕಂಡು ಎದ್ದೇಳಹೋಗಿ ಮತ್ತೆ ಕೂತರು.

"ಎಲ್ಲಿಗೆ?" ಎಂದರು. ಅವರಿಗೆ ಅಷ್ಟು ಮೆಲ್ಲನೆಯ ಧ್ವನಿ ಇದೆಯೆಂದು ಆಕೆಗೆ ತಿಳಿದೇ ಇರಲಿಲ್ಲ.

"ಡಾಕ್ಟರಮ್ಮನ ಹತ್ರ."

ಕೆಂಪು ಟಿಕೆಟ್ಟು ಬಂತು. ಎಲ್ಲರಂತೆಯೇ ಆಕೆ ಬೆಂಚಿನ ಮೇಲೆ ಕೂತಳು, ಎಲ್ಲರಂತೆಯೇ ನಂಬರಿಗೆ ಎದ್ದಳು. ಒಳಗೆ ಡಾಕ್ಟರಮ್ಮ ಕೇಳುವುದನ್ನೆಲ್ಲ ನೇರವಾಗಿ ಕೇಳಿ, ಪರೀಕ್ಷೆ ಮಾಡಿ ಹೇಳಿದರು. "ನೀರು ಕುಡಿಯೋದು ಬಿಟ್ಟಿದ್ದೀರಾ? ಅದು ಮೊದಲನೇ ತಪ್ಪು. ಕುಡೀರಿ. ಈ ವ್ಯಾಯಾಮ ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಬೇಗ ಬಿಡಬೇಡಿ, ಎರಡು ಮೂರು ತಿಂಗಳು ಹಿಡಿಯುತ್ತೆ." ವರ್ಷದ ಮೇಲೆ ಹೊತ್ತು ತಿರುಗಿದ್ದು ಒಂದು ಚಹಾ ಆರುವಷ್ಟು ಹೊತ್ತಿನಲ್ಲಿ ಮಾತಾಡಿ ಮುಗಿದಿತ್ತು. ಇಷ್ಟಕ್ಕೇ ಅಕ್ಕನ ಮುಖ ನೋಡದೆ ಇದ್ದೆನಲ್ಲ ಎಂದು ಆಕೆಗೆ ತನ್ನ ಮೇಲೇ ಸಿಟ್ಟು ಬಂತು.

ಹೊರಗೆ ಬರುವಾಗ ಬಾಗಿಲ ಪರದೆಯ ಆಚೆಯಿಂದ ಎದುರುಮನೆಯಾಕೆಯ ಮಾತು ಕೇಳಿಸಿತು. "ನಿಮ್ಮ ಮನೆಯವರಿಗೆ ಏನಂತೆ ಕಂಡಕ್ಟ್ರೇ?"

ಕಂಡಕ್ಟರಮ್ಮ ನಿಂತಲ್ಲೇ ನಿಂತಳು.

"ನನಗೇನು ಗೊತ್ತು ತಾಯಿ?" ಎಂದರು ಕಂಡಕ್ಟರು. "ಟಿಕೆಟ್ ಕೊಟ್ಟೆ, ಅಷ್ಟೆ. ನಿಮ್ಮದು ಯಾವ ನಂಬರು?"

ಮನೆಯಲ್ಲೂ ಅವರು ಕೇಳಲಿಲ್ಲ. ಕೇಳದಿರಲು ಅವರು ಪಡುತ್ತಿದ್ದ ಕಷ್ಟ ಮಾತ್ರ ಎದ್ದು ಕಾಣುತ್ತಿತ್ತು. ಬಾಯಿ ತೆರೆಯುವರು, ಮುಚ್ಚುವರು, ಹೋಗಿ ಒಂದು ಪಾತ್ರೆ ತೊಳೆಯುವರು. ಮನೆಯ ಪಾತ್ರೆಗಳು ಹಿಂದೆಂದೂ ಅಷ್ಟು ಬೆಳಗಿರಲಿಲ್ಲ. ಕಂಡಕ್ಟರಮ್ಮ ಆಲೂಗಡ್ಡೆ ಸುಲಿಯುವಾಗ ವ್ಯಾಯಾಮ ಮಾಡಿದಳು, ಬೇಳೆ ಆರಿಸುವಾಗ ಮಾಡಿದಳು, ಟೀವಿ ನೋಡುವಾಗಲೂ ಮಾಡಿದಳು. ಸೊಸೆ ಎದುರಿಗೆ ಕೂತು ಹುಬ್ಬು ಹಾರಿಸಿದರೆ ಆಕೆ ಹೂಂ ಎಂದು ತಲೆಯಾಡಿಸುವಳು. ಮಗನಿಗೆ ಇವರಿಬ್ಬರ ಸನ್ನೆಯ ತಲೆಬುಡ ತಿಳಿಯಲಿಲ್ಲ.

ನಡುವೆ ಒಂದು ಬೆಳಿಗ್ಗೆ ಆಕೆಗೆ ಜ್ವರ ಬಂದು ಏಳಲು ತಡವಾಯಿತು. ಎದ್ದು ಸೊಸೆಯ ಕೈಯ ಬಿಸಿನೀರು ಕುಡಿದು ಬಚ್ಚಲಿಗೆ ಹೋದರೆ, ಅಲ್ಲಿ ರಾತ್ರಿಯೇ ನೆನೆಹಾಕಿದ್ದ ಚಾದರ ಇರಲಿಲ್ಲ. ಮಹಡಿ ಹತ್ತಿ ನೋಡಿದಳು. ಟ್ಯಾಂಕಿನ ಹಿಂದೆ, ಬೀದಿಗೆ ಕಾಣದ ಕಡೆ, ಒಗೆದು ಹಿಂಡಿ ಒಣಹಾಕಿತ್ತು. ಸೊಸೆಯದೇ ಕೆಲಸ ಎಂದುಕೊಂಡು ಆ ದಿನ ಅವಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಸೊಸೆ ಯಾಕೆ ಎಂಬಂತೆ ನೋಡಿದಳು, ಸಿಕ್ಕಿದ್ದನ್ನು ಬಿಡುವುದೇಕೆ ಎಂದು ತಿಂದಳು.

ಚಾದರ ಒಗೆಯುವ ಬೆಳಗುಗಳು ಕಡಿಮೆಯಾದವು, ಆಮೇಲೆ ನಿಂತೇ ಹೋದವು. ಜೋರಾಗಿ ಕೆಮ್ಮಿ ನೋಡಿದಳು, ತುಂಬಿದ ಬಕೆಟ್ಟು ಎತ್ತಿ ನೋಡಿದಳು. ಒಂದು ಭಾನುವಾರ ಅಕ್ಕನಿಗೆ ಫೋನು ಮಾಡಿ, "ನಾಡಿದ್ದು ಬರ್ತೀನಿ ಕಣೇ" ಎಂದಳು.

"ಬಸ್ಸು ಸಿಕ್ತಾ?" ಎಂದಳು ಅಕ್ಕ. ಅಕ್ಕ ನಗುತ್ತಿದ್ದಳು.

ಬಸ್ ಸ್ಟಾಂಡಿಗೆ ಕಂಡಕ್ಟರೇ ಚೀಲ ಹಿಡಿದು ಬಂದರು. ಆಕೆಯನ್ನು ಕಿಟಕಿಯ ಸೀಟಿನಲ್ಲಿ ಕೂರಿಸಿ ಇಳಿದು, ಬಸ್ಸಿನ ಕಂಡಕ್ಟರನ ಬಳಿ ಹೋದರು. ಅವನು ಇವರ ಕೈಕೆಳಗೆ ಕೆಲಸ ಕಲಿತವನೇ ಇರಬೇಕು, ಬೆನ್ನು ಬಾಗಿಸಿ ನಮಸ್ಕಾರ ಮಾಡಿದ. ಇಬ್ಬರೂ ಏನೋ ಮಾತಾಡಿದರು. ಕಂಡಕ್ಟರಮ್ಮ ಕಿಟಕಿಯಿಂದ ಕತ್ತು ಚಾಚಿದಳು, ಮಾತು ಕೇಳಿಸಲಿಲ್ಲ. ಇವರ ಮಾತು ಕೇಳಿಸದಿರುವ ಕಾಲವೂ ಬಂತಲ್ಲ ಎಂದುಕೊಂಡಳು.

"ಏನು ಹೇಳಿದ್ರಿ ಅವನಿಗೆ?" ಎಂದು ಕೇಳಿದಳು ಅವರು ಕಿಟಕಿಯ ಕೆಳಗೆ ಬಂದಾಗ.

"ಒಂದು ಟಿಕೆಟ್ ಕೊಡಪ್ಪಾ ಅಂದೆ. ಅಕ್ಕಂಗೆ ಕೇಳಿದೆ ಅಂತ ಹೇಳು."

ಬಸ್ಸು ಹೊರಟಿತು. ಊರು ಮುಗಿಯಿತು, ಇಟ್ಟಿಗೆ ಗೂಡುಗಳು ಹೋದವು, ನದಿ ಬರಲು ಇನ್ನೂ ದೂರವಿತ್ತು. ದಾರಿ ಅರ್ಧ ಆದಾಗ ಬಸ್ಸು ನಿಧಾನಿಸಿ ಪೆಟ್ರೋಲ್ ಬಂಕೊಂದರ ಪಕ್ಕ ನಿಂತಿತು. ಅಲ್ಲಿ ಒಂದು ಚಹಾದಂಗಡಿ, ಪಕ್ಕದಲ್ಲಿ ತೊಳೆದು ಶುಚಿಯಾಗಿಟ್ಟ ಶೌಚಾಲಯ. "ಹತ್ತು ನಿಮಿಷ ನಿಲ್ಲುತ್ತೆ. ಇಳಿಯೋರು ಇಳಿದು ಬನ್ನಿ" ಎಂದು ಬಸ್ಸಿನ ಕಂಡಕ್ಟರ ಸಾರಿದ.

"ಇದು ಎಕ್ಸ್‌ಪ್ರೆಸ್ ಅಲ್ವೇನ್ರೀ? ಇಲ್ಲಿ ಯಾವತ್ತೂ ನಿಲ್ಲಿಸಿದ್ದಿಲ್ಲ" ಎಂದ ಮುಂದಿನ ಸೀಟಿನವನು.

"ಇವತ್ತು ನಿಲ್ಲುತ್ತೆ. ನಮ್ಮ ಹಳೇ ಕಂಡಕ್ಟರೊಬ್ಬರು ಹೇಳಿದ್ದಾರೆ."

"ಯಾಕಂತೆ?"

"ಅದು ನಾವು ಕೇಳೋ ಹಾಗಿಲ್ಲ ಸ್ವಾಮಿ."

ಕಂಡಕ್ಟರಮ್ಮ ಕಿಟಕಿಯ ಸರಳು ಹಿಡಿದು ಕೂತಳು. ಟ್ಯಾಂಕಿನ ಹಿಂದೆ ಒಣಹಾಕಿದ್ದ ಚಾದರ ನೆನಪಾಯಿತು. ಅದರ ಒಂದು ಮೂಲೆ ಸರಿಯಾಗಿ ಹಿಂಡಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು. ಸೊಸೆ ಹಾಗೆ ಹಿಂಡುವವಳಲ್ಲ. ತಿಂಗಳಿಂದ ಗೊತ್ತಿದ್ದೂ ಗಂಡನ ಆ ಗಂಟಲು ಒಂದು ಸಲವೂ ತೆರೆಯಲಿಲ್ಲವಲ್ಲ ಎಂದು ಆಕೆಯ ಕಣ್ಣು ತುಂಬಿತು.

ಇಳಿಯುವ ಅಗತ್ಯ ಆಕೆಗೆ ಇರಲಿಲ್ಲ. ಒಂದಿಷ್ಟೂ ಇರಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡು ಇಳಿದು, ನೇರ ಚಹಾದಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತಳು.

"ಅರ್ಧ ಲೋಟಾನಾ ಅಮ್ಮ, ಪೂರ್ತಿನಾ?" ಎಂದ ಅಂಗಡಿಯವನು.

"ಪೂರ್ತಿ ಕೊಡಪ್ಪಾ" ಎಂದಳು ಕಂಡಕ್ಟರಮ್ಮ.